ಎಣ್ಣೆ ಅಂಗಡಿಯಲ್ಲಿ ಬರೆದ ಅಪೀಲು

ಹೋದ ವಾರ ನಾದಿನಿಯ ಮಗಳ ಮದುವೆಗೆ ಸೀರೆ ಆರಿಸಬೇಕು ಅಂತ ನನ್ನ ಹೆಂಡತಿ ನನ್ನನ್ನು ಮೊಳಕಾಲ್ಮೂರಿಗೆ ಎಳೆದುಕೊಂಡು ಹೋಗಿದ್ದಳು. ಸೀರೆ ಅಂಗಡಿಯಲ್ಲಿ ಗಂಡಸರಿಗೆ ಏನು ಕೆಲಸ ಹೇಳಿ, ಕೂತು ಆಕಳಿಸೋದು ಬಿಟ್ಟು? ಎದ್ದು ಹೊರಗೆ ಬಂದು ನಿಂತೆ. ಪಕ್ಕದಲ್ಲಿ ಹೊಸದಾಗಿ ಗಾಣದ ಎಣ್ಣೆ ಅಂಗಡಿ ಇಟ್ಟಿದ್ದಾರೆ. ಆಗಷ್ಟೇ ಶೇಂಗಾ ಆಡಿಸಿದ್ದರು ಅಂತ ಕಾಣುತ್ತೆ... ಬಿಸಿ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ಚಳ್ಳಕೆರೆಯ ಎಣ್ಣೆ ಅಂಗಡಿ ಅಕ್ಕ ಕಣ್ಣೆದುರು ಬಂದರು. ಅಕ್ಕ ತೀರಿಹೋಗಿ ಆಗಲೇ ಒಂದು ಮಳೆಗಾಲ ಕಳೆದಿದೆ. ಮಣ್ಣಿಗೆ ಹೋಗಿ ಬಂದವನು ಆಮೇಲೆ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ವಾಪಸ್ ಬರುವಾಗ ನಮ್ಮೂರು ಬಿ.ಜಿ. ಕೆರೆಯಲ್ಲಿ ಹೆಂಡತಿ ಚೀಲ ಹಿಡಿದು ಬಸ್ಸಿಳಿದಳು, ನಾನು ಇಳಿಯಲಿಲ್ಲ. ಚಳ್ಳಕೆರೆಗೆ ಹೋಗಿ ಬರ್ತೀನಿ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. "ಹೋಗ್ಬರ್ರಿ, ಇಲ್ದಿದ್ರೆ ರಾತ್ರಿ ಊಟ ಸೇರಲ್ಲ ನಿಮಗೆ" ಅಂದಳು.

ಅಕ್ಕ ಅಂದರೆ ಒಡಹುಟ್ಟಿದ ಅಕ್ಕ ಅಲ್ಲ. ನಮ್ಮದು ಕುರಿ ಕಾಯೋ ಮನೆತನ, ಅವರದು ಎಣ್ಣೆ ವ್ಯಾಪಾರದ ಲಿಂಗಾಯತರ ಮನೆ. ಅಂಥ ಮನೆಯ ಹುಡುಗ ತಕ್ಕಡಿ ಬಿಟ್ಟು ಮಿಲಿಟ್ರಿಗೆ ಹೋದ ಅಂತ ಒಂದು ಕಾಲದಲ್ಲಿ ಬೀದಿಯೆಲ್ಲ ಮಾತಾಡಿತ್ತಂತೆ. ಆ ಹುಡುಗನೇ ಅಕ್ಕನ ಯಜಮಾನರು. ಸೇನೆಯಲ್ಲಿ ಡ್ರೈವರಾಗಿದ್ದರು. ನಿವೃತ್ತಿಯಾಗಿ ಬಂದು ಕೆಲವೇ ವರ್ಷದಲ್ಲಿ ಕೊರಗಿ ಕೊರಗಿ ಹೋಗಿಬಿಟ್ಟರು. ಆಮೇಲೆ ಅಂಗಡಿ ಅಕ್ಕನ ಕೈಗೆ ಬಂತು. ಮಿಲಿಟ್ರಿ ಕ್ವಾರ್ಟರ್ಸಿನಲ್ಲಿ ಅಕ್ಕನ ಪಕ್ಕದ ಮನೆಯಲ್ಲಿದ್ದ ಗೆಳತಿಯ ಗಂಡನಿಗೆ ಒಂದು ಕೈ ಹೋಗಿತ್ತು. ಅವರ ಪೆನ್ಷನ್ನಿಗೆ ಇವರೇ ಮುಂದೆ ನಿಂತು ಕಚೇರಿಯಿಂದ ಕಚೇರಿಗೆ ಅಲೆದರು, ಬಿದ್ದರು, ಎದ್ದರು, ಕೊನೆಗೆ ಕೊಡಿಸಿದರು. ಅದು ಬಾಯಿಂದ ಬಾಯಿಗೆ ಹೋಗಿ, ಸುತ್ತಲಿನ ಮಾಜಿ ಸೈನಿಕರೆಲ್ಲ ಕಾಗದ ಹಿಡಿದುಕೊಂಡು ಎಣ್ಣೆ ಅಂಗಡಿಗೇ ಬರತೊಡಗಿದರು. ಜಿಲ್ಲಾ ಕಚೇರಿಯಲ್ಲಿ ಕೇಳೋದಕ್ಕಿಂತ ಮೊದಲು ಅಕ್ಕನನ್ನು ಕೇಳಬೇಕು ಅಂತ ಆಗಿಹೋಯಿತು.

ನಾನು ಹೋದಾಗ ನನ್ನ ಸ್ಥಿತಿ ನೆಟ್ಟಗಿರಲಿಲ್ಲ. ನಾನೂ ಮಿಲಿಟ್ರಿಯಲ್ಲಿದ್ದವನೇ. ಗಡಿ ಬೆಟ್ಟದ ಮೇಲಿನ ಒಂದು ಪೋಸ್ಟಿಗೆ ಸೀಮೆಎಣ್ಣೆ ಕ್ಯಾನು ಹೊತ್ತು ಹತ್ತುವಾಗ ಮಂಜುಗಡ್ಡೆ ಮೇಲೆ ಜಾರಿ ಬಿದ್ದಿದ್ದೆ. ಮಂಡಿ ತಿರುಚಿತ್ತು. "ಠೀಕ್ ಹೈ?" ಅಂತ ಕೇಳಿದರು, "ಠೀಕ್ ಹೈ ಸಾಬ್" ಅಂದೆ. ನಮ್ಮ ಕಡೆ ಗಂಡಸಿಗೆ ಬೇರೆ ಉತ್ತರ ಹೇಳಿಕೊಟ್ಟಿರಲ್ಲ. ಮುಲಾಮು ತಿಕ್ಕಿಕೊಂಡು ಮಲಗಿದೆ. ಅಲ್ಲಿಗೆ ಬಿದ್ದ ಸಂಗತಿ ಕಾಗದಕ್ಕೆ ಏರಲೇ ಇಲ್ಲ. ಬರಬರುತ್ತಾ ಮಂಡಿ ಊದಿಕೊಂಡಿತು, ಆರೋಗ್ಯದ ದರ್ಜೆ ಇಳಿಸಿದರು, ಕೊನೆಗೆ ಪೂರ್ತಿ ಪೆನ್ಷನ್ ಸಿಗುವಷ್ಟು ಸರ್ವಿಸ್ ಆಗುವ ಮುಂಚೆಯೇ ಡಾಕ್ಟರುಗಳ ಬೋರ್ಡು ಕೂರಿಸಿ ಮನೆಗೆ ಕಳಿಸಿದರು. ಅಂಗವೈಕಲ್ಯದ ಪೆನ್ಷನ್ ಸಿಕ್ಕರೆ ಬದುಕು, ಇಲ್ಲದಿದ್ದರೆ ಇಲ್ಲ. ಕಾಗದ ಬಂತು: ನಿಮ್ಮ ಮಂಡಿ ನೋವು ಸೇನೆಯಿಂದ ಬಂದದ್ದಲ್ಲ, ಸೇನೆಯಿಂದ ಹೆಚ್ಚಾದದ್ದೂ ಅಲ್ಲ, ಸೇರುವ ಮೊದಲೇ ಇತ್ತು.

ಕುರಿ ಹಿಂದೆ ನಡೆಯೋ ಕಾಲು ಹೋಗಿತ್ತು. ಕುದಾಪುರದ ಕಡೆ, ನಮ್ಮಜ್ಜ ಕುರಿ ಮೇಯಿಸಿದ ಕಾವಲಿನಲ್ಲೇ ಎದ್ದಿರೋ ಸರ್ಕಾರಿ ಸಂಸ್ಥೆಗಳ ಕಾಂಪೌಂಡುಗಳ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಕೇಳಿದೆ. ದಿನವಿಡೀ ನಿಲ್ಲಬೇಕು ಅಂದರು, ನನ್ನ ಕೈಲಾಗಲಿಲ್ಲ. ಮನೆಯಲ್ಲಿ ಅವ್ವ, ಹೆಂಡತಿ, ಇನ್ನೂ ನಡೆಯೋಕೆ ಬಾರದ ಮಗಳು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಹೇಳಿ ಮಿಲಿಟ್ರಿ ಸೇರಿದೋನು ಅಂತ ಬರೆದಂಗಾಯ್ತಲ್ಲ ಅಂತ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕ ಕಾಗದ ಓದಿದ್ದು ಗಿರಾಕಿಗೆ ಎಣ್ಣೆ ಅಳೆಯುತ್ತಲೇ. "ಇದು ತೀರ್ಪಷ್ಟೇ. ಬೋರ್ಡಿನೋರು ಏನು ಬರ್ಕೊಂಡ್ರೋ ಅದು ಎಲ್ಲೈತೆ?" ಅಂದರು. ನನ್ನ ಹತ್ತಿರ ಇರಲಿಲ್ಲ. ತೋರಿಸಿದ ಕಡೆ ಸಹಿ ಹಾಕಿ ಬಂದಿದ್ದೆ, ಅಷ್ಟೇ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸಿ ಅದನ್ನು ತರಿಸಿದರು. "ಅವರು ಏನು ಬರೆದವ್ರೆ ಅಂತ ನೋಡದೆ ಅಪೀಲು ಬರೆಯೋದು ಕತ್ಲಲ್ಲಿ ಕಲ್ಲು ಹೊಡೆದಂಗೆ" ಅನ್ನೋದು ಅವರ ಮಾತು. ಮೊದಲ ಅಪೀಲಿಗೆ ಆರು ತಿಂಗಳ ಗಡುವು ಐತೆ, ಕಾಗದ ಬರೋದು ತಡವಾದರೆ ತಡವಾಯ್ತು ಅಂತ ಕಾರಣ ಕೊಟ್ಟು ಬರೀಬೇಕು, ತಡ ಆಯ್ತು ಅಂತ ಸುಮ್ಮನೆ ಕೂರೋದು ಮಾತ್ರ ಮಾಡಬೇಡ ಅಂದರು.

ಬೋರ್ಡಿನ ಕಾಗದ ಬಂದ ದಿನ ಅಕ್ಕ ನನ್ನನ್ನು ಹಿಂಡಿ ಮೂಟೆ ಮೇಲೆ ಕೂರಿಸಿದರು. ಅವರಿಗೆ ಇಂಗ್ಲಿಷೂ ಬರುತ್ತಿತ್ತು, ಹಿಂದಿಯಂತೂ ಉತ್ತರದ ಕ್ವಾರ್ಟರ್ಸುಗಳಲ್ಲಿ ಬಾಳಿ ಬಾಳಿ ನೀರು ಕುಡಿದಂಗೆ. ಒಂದು ಸಾಲಿನ ಮೇಲೆ ಬೆರಳಿಟ್ಟರು. "ನೋವು ಯಾವಾಗಿಂದ ಅಂತ ಡಾಕ್ಟ್ರು ಕೇಳಿದ್ರಾ?"

"ಕೇಳಿದ್ರು."

"ನೀನು ಹಿಂದೀಲಿ ಏನಂದೆ? ಅದೇ ಮಾತು ಹೇಳು."

"ಪೆಹಲೇ ಸೇ ಹೈ ಸಾಬ್ ಅಂದೆ ಅಕ್ಕಾ. ಮೊದ್ಲಿಂದ್ಲೂ ಐತೆ, ಬಿದ್ದಾಗಿಂದ."

ಅಕ್ಕ ನಕ್ಕರು ನೋಡಿ... ಲೀಟರಿನ ಅಳತೆ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನನಗೆ ಸಿಟ್ಟೇ ಬಂತು, ನನ್ನ ಬಾಳು ಮುಳುಗ್ತಾ ಇದ್ದರೆ ಈಯಮ್ಮಂಗೆ ನಗು ಅಂತ. ಆಮೇಲೆ ಬಿಡಿಸಿ ಹೇಳಿದರು. ನಮ್ಮ ಮಾತಿನಲ್ಲಿ ಮೊದಲು ಅಂದರೆ ಶುರುವೂ ಹೌದು, ಮುಂಚೆಯೂ ಹೌದು. ನಮ್ಮ ಗಡಿ ಕಡೆ ತೆಲುಗಲ್ಲೂ ಮೊದಟಿ ನುಂಚಿ ಅಂದರೆ ಶುರುವಿನಿಂದ. ಹಿಂದಿಯಲ್ಲಿ ಹಂಗಲ್ಲ. ಪೆಹಲೇ ಸೇ ಅಂದರೆ ಮುಂಚೆಯಿಂದಲೇ ಇತ್ತು ಅಂತ. ಬಿದ್ದಾಗಿಂದ ಅನ್ನೋ ಬಾಲ ಕನ್ನಡದಲ್ಲಿ ಮನಸ್ಸಿನಲ್ಲೇ ಉಳಿದಿತ್ತು. ಡಾಕ್ಟರು ಕಿವಿಗೆ ಬಿದ್ದಷ್ಟನ್ನು ಬರೆದುಕೊಂಡಿದ್ದರು.

"ನಕ್ಕೆ ಅಂತ ತಪ್ಪು ತಿಳ್ಕೋಬೇಡ ತಮ್ಮಾ, ನಾನೂ ಇದೇ ಗುಂಡಿಗೆ ಬಿದ್ದೋಳು" ಅಂದರು. ಕ್ವಾರ್ಟರ್ಸಿಗೆ ಹೋದ ಹೊಸದರಲ್ಲಿ ಪಕ್ಕದ ಮನೆಯಾಕೆ ನೀವು ಮಾಂಸ ತಿನ್ನಲ್ವಾ ಅಂತ ಕೇಳಿದಳಂತೆ. ಮೊದಲಿಂದಲೂ ತಿನ್ನಲ್ಲ ಅನ್ನೋಕೆ ಹೋಗಿ "ಪೆಹಲೇ ನಹೀ ಖಾತೇ ಥೇ" ಅಂದರಂತೆ. ಮೊದಲು ತಿನ್ನುತ್ತಿರಲಿಲ್ಲ, ಈಗ ತಿಂತಾರೆ ಅಂತ ತಿಳಿದು, ಮಾರನೇ ದಿನ ಆಕೆ ಬಟ್ಟಲು ತುಂಬ ಕುರಿ ಸಾರು ತಂದಿಟ್ಟಳಂತೆ. ಇಷ್ಟಲಿಂಗ ಕಟ್ಟಿಕೊಂಡ ಅತ್ತೆ ಒಳಗೆ ಕೂತಿದ್ದರು ಬೇರೆ!

ಅಪೀಲು ಬರೆಯೋಕೆ ಕೂತಾಗ ಅಕ್ಕ ಬೇರೆಯೇ ಮನುಷ್ಯರಾಗುತ್ತಿದ್ದರು. ದಯಮಾಡಿ, ಬಡವ, ಕೈಮುಗಿದು ಬೇಡ್ತೀನಿ ಅಂತೆಲ್ಲ ನಾನು ಬರೆದುಕೊಂಡು ಹೋಗಿದ್ದೆ. ಎಲ್ಲ ಹೊಡೆದು ಹಾಕಿದರು. "ಭಿಕ್ಷೆ ಕೇಳ್ತಾ ಇಲ್ಲ ನೀನು. ಏನಾಯ್ತು, ಎಲ್ಲಾಯ್ತು, ಯಾರು ನೋಡಿದ್ರು, ಅದು ಬರಿ." ಭರ್ತಿಯ ದಿನ ಓಡಿ ಪಾಸಾಗಿದ್ದೆನಾ ಅಂತ ಕೇಳಿದರು. ಮುಂದಿನ ಸಾಲಿನಲ್ಲೇ ಬಂದಿದ್ದೆ ಅಂದೆ. ಹಂಗಾದರೆ ಸೇರುವಾಗ ಇವನ ಕಾಲು ಸರಿ ಇತ್ತು ಅಂತ ಅವರ ಡಾಕ್ಟರೇ ಬರೆದಿರುತ್ತಾರೆ, ಅದನ್ನೇ ಮೊದಲಿಗೆ ಹಾಕು, ಮೊದಲೇ ಇತ್ತು ಅನ್ನೋ ಮಾತು ಅಲ್ಲಿಗೇ ಮುರಿದು ಬೀಳುತ್ತೆ ಅಂದರು. ನಾನು ಬಿದ್ದಾಗ ಎತ್ತಿ ಕೂರಿಸಿದ್ದ ಹಿರಿಯೂರು ಕಡೆಯ ಗೆಳೆಯನನ್ನು ಹುಡುಕಿಸಿ, ನೋಟರಿ ಮುಂದೆ ಅವನ ಹೇಳಿಕೆ ಮಾಡಿಸಿದರು. ಕಳಿಸಿದ್ದಕ್ಕೆಲ್ಲ ನಕಲು, ಅಂಚೆಯ ರಸೀದಿ. ಪೆಹಲೇ ಸೇ ವಿಚಾರವನ್ನೂ ಬರೆಸಿದರು. ನನಗೆ ನಾಚಿಕೆ, ಹಿಂದಿ ಬಾರದ ದಡ್ಡ ಅಂದ್ಕೋತಾರೆ ಅಂತ. "ದಡ್ಡ ಅಂದ್ಕೊಳ್ಲಿ, ಸುಳ್ಳ ಅಂದ್ಕೊಳೋದಕ್ಕಿಂತ ವಾಸಿ" ಅಂದರು.

ಪರವಾಗಿಲ್ಲ ಅನ್ನೋ ಮಾತು ಆ ಅಂಗಡಿಯಲ್ಲಿ ಆಡುವಂತಿರಲಿಲ್ಲ. ಮಂಡಿ ಹೆಂಗೈತೆ ಅಂತ ಕೇಳಿದರೆ ಪರವಾಗಿಲ್ಲ ಅಕ್ಕಾ ಅಂತಿದ್ದೆ, ಬಾಯಿಗೆ ಬಂದಂಗೆ ಬೈಯೋರು. ಮೆಟ್ಟಿಲು ಹತ್ತೋಕಾಗಲ್ಲ, ಕೆಳಗೆ ಕೂತರೆ ಏಳೋಕಾಗಲ್ಲ, ಬಯಲಿಗೆ ಹೋದರೆ ಕೂರೋಕೂ ಆಗಲ್ಲ ಅಂತ ಗಿರಾಕಿಗಳ ಮುಂದೆಯೇ ಗಟ್ಟಿಯಾಗಿ ಹೇಳಿಸೋರು. ಬೋರ್ಡಿನೋರ ಮುಂದೆ ಬಾಯಿ ಕಟ್ಟಬಾರದು ಅಂದರೆ ಇಲ್ಲಿ ರೂಢಿಯಾಗಬೇಕು ಅನ್ನೋರು. ಎಂಥೆಂಥಾ ಮೀಸೆಯೋರು ಆ ಹಿಂಡಿ ಮೂಟೆ ಮೇಲೆ ಕೂತು, ಕಿವಿ ಕೇಳಲ್ಲ, ಉಚ್ಚೆ ನಿಲ್ಲಲ್ಲ ಅಂತ ಶಾಲೆ ಮಕ್ಕಳಂಗೆ ಒಪ್ಪಿಸಿದ್ದನ್ನು ಕಂಡಿದ್ದೇನೆ.

ಮೊದಲ ಅಪೀಲು ಬಿದ್ದುಹೋಯಿತು. ಹಳೇ ಸಾಲನ್ನೇ ತಿರುಗಿ ಬರೆದು ಕಳಿಸಿದ್ದರು. ಸಾಕಪ್ಪಾ ಸಾಕು ಅಂತ ನಾನು ಎರಡು ಸಂತೆ ಚಳ್ಳಕೆರೆಗೇ ಹೋಗಲಿಲ್ಲ. ಅಕ್ಕ ಬಿ.ಜಿ. ಕೆರೆ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದರು: ಒಂದು ಸಲ ಇಲ್ಲ ಅನ್ನಿಸ್ಕೊಂಡು ಮನೇಲಿ ಕೂರೋಕೆ ಅವನೇನು ಹೆಣ್ಣು ಕೇಳೋಕೆ ಹೋಗಿದ್ನಾ? ಕಂಡಕ್ಟರು ಅದನ್ನು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಹೋದೆ. ಎರಡನೇ ಅಪೀಲು ಹಾಕಿದೆವು, ಮತ್ತೆ ಬೋರ್ಡಿಗೆ ಕರೆದರು. ನೋವು ಯಾವಾಗಿಂದ ಅಂತ ಕೇಳಿದರು. "ಗಿರ್‌ನೇ ಕೇ ಬಾದ್ ಸೇ ಸಾಬ್" ಅಂದೆ. ಬಿದ್ದ ಮೇಲಿನಿಂದ. ಹೋಗುವ ಮುಂಚೆ ಅಕ್ಕ ಅದೊಂದು ಸಾಲನ್ನು ಮಗ್ಗಿ ಬಾಯಿಪಾಠ ಮಾಡಿಸಿದಂಗೆ ಮಾಡಿಸಿದ್ದರು. ಕೆಲವು ತಿಂಗಳಿಗೆ ಆದೇಶ ಬಂತು. ಸೇನೆಯಿಂದಲೇ ಬಂದ ನೋವು ಅಂತ ಒಪ್ಪಿಕೊಂಡಿದ್ದರು. ಅವ್ವ ಆ ಕಾಗದವನ್ನು ದೇವರ ಮುಂದೆ ಇಟ್ಟಳು. ನಾನು ಅತ್ತೆ, ಸುಳ್ಳ್ಯಾಕೆ ಹೇಳಲಿ.

ಪೇಡ ತಗೊಂಡು ಅಂಗಡಿಗೆ ಹೋದೆ. ಆ ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅಕ್ಕನಿಗೆ ಮಾಮೂಲಿ ಕುಟುಂಬ ಪೆನ್ಷನ್ ಬರುತ್ತಿತ್ತು. ಯಜಮಾನರ ಕಾಯಿಲೆ ಸೇನೆಯಿಂದ ಬಂದದ್ದು ಅಂತ ಒಪ್ಪಿಸಿದರೆ ಸಿಗೋ ಹೆಚ್ಚಿನ ಪೆನ್ಷನ್ನೇ ಬೇರೆ, ಅದಕ್ಕೆ ಅವರು ಅರ್ಜಿಯನ್ನೇ ಹಾಕಿರಲಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. "ನಿಮ್ದೂ ಹಾಕೋಣ ಅಕ್ಕಾ. ತಡ ಆದ್ರೂ ಕಾರಣ ಕೊಟ್ಟು ಬರೀಬಹುದು ಅಂತ ನೀವೇ ಹೇಳ್ತೀರಿ."

"ಅವರಿಗೇನಾಗಿತ್ತು, ಪರವಾಗಿಲ್ಲ, ಚೆನ್ನಾಗೇ ಇದ್ರು" ಅಂದರು ಅಕ್ಕ.

ನಾನು ಮುಖ ನೋಡಿದೆ. ಅವರಿಗೂ ಗೊತ್ತಾಯಿತು, ಯಾವ ಮಾತು ಬಾಯಿಂದ ಬಂತು ಅಂತ. ನಿಂತಿದ್ದ ಗಿರಾಕಿಗೆ ಎಣ್ಣೆ ಅಳೆದು ಕಳಿಸಿದರು. ಆಮೇಲೆ ಹೇಳಿದರು. ಯಜಮಾನರು ಓಡಿಸುತ್ತಿದ್ದ ಗಾಡಿಯ ಮುಂದಿನ ಗಾಡಿ ಸ್ಫೋಟದಲ್ಲಿ ಹೋಗಿತ್ತಂತೆ. ಮೈಗೆ ಏನೂ ಆಗಿರಲಿಲ್ಲ. ಊರಿಗೆ ಬಂದ ಮೇಲೆ ದೀಪಾವಳಿ ಪಟಾಕಿ ಸದ್ದಿಗೆ ಎಣ್ಣೆ ಡ್ರಮ್ಮುಗಳ ಹಿಂದೆ ಹೋಗಿ ಕೂತುಬಿಡೋರಂತೆ, ಕರೆದರೂ ಬರುತ್ತಿರಲಿಲ್ಲವಂತೆ. ಕೇಳಿದವರಿಗೆಲ್ಲ ವಾಯು, ಸೊಂಟ ಹಿಡಿದೈತೆ ಅಂತ ಅಕ್ಕ ಹೇಳಿದ್ದರು.

"ತಲೆ ಕೆಟ್ಟಿತ್ತು ಅಂತ ಸರ್ಕಾರದ ಕಾಗದದಲ್ಲಿ ನಾನೇ ಬರೆದು ಕೊಟ್ಟಿದ್ರೆ, ಹುಚ್ಚನ ಮಗಳು ಅಂತ ನನ್ನ ಮಗಳನ್ನ ಯಾರು ಮಾಡ್ಕೊಳೋರು?"

"ಈಗ ಮದುವೆ ಆಗೈತಲ್ಲ ಅಕ್ಕಾ."

"ಈಗ ಮೊಮ್ಮಗಳು ಐತೆ" ಅಂದರು.

ಆಮೇಲೆ ಎಷ್ಟೋ ವರ್ಷ ಅಂಗಡಿಗೆ ಹೋದೆ, ಬೇರೆಯವರ ಅಪೀಲುಗಳಿಗೆ ನಕಲು ಮಾಡಿಸಿ ಕೊಟ್ಟೆ, ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಹೋದ ವಾರ ಬಸ್ಸಿಳಿದು ಆ ಬೀದಿಗೆ ಹೋದರೆ, ಅಂಗಡಿ ಅರ್ಧ ತೆರೆದಿತ್ತು. ಒಳಗೆ ಅಕ್ಕನ ಮಗಳು. ಬಾಡಿಗೆಗೆ ಕೊಡೋಕೆ ಅಂತ ಖಾಲಿ ಮಾಡಿಸುತ್ತಿದ್ದಳು. "ಬಾ ಮಾಮ" ಅಂತ ಕರೆದು, ಪಕ್ಕದ ಹೋಟೆಲಿನಿಂದ ಟೀ ತರಿಸಿದಳು. ಅದೂ ಇದೂ ಮಾತಾಡಿದ ಮೇಲೆ ಅವಳೇ ಕೇಳಿದಳು: ಊರಿಗೆಲ್ಲ ಅಪೀಲು ಬರೆಸಿದ ಅವ್ವ ಅಪ್ಪಂದು ಯಾಕೆ ಬರೆಸಲಿಲ್ಲ?

ಸತ್ತವರ ಗುಟ್ಟು ಹೇಳಬಾರದು ಅಂತಾರೆ. ಆದರೆ ಅವರ ಮಗಳಿಗೇ ಮುಚ್ಚಿಡೋಕೆ ನಾನ್ಯಾರು? ನಿನ್ನ ಮದುವೆಗೆ ಅಡ್ಡಿಯಾಗುತ್ತೆ ಅಂತ ಕಣವ್ವಾ, ಆಮೇಲೆ ನಿನ್ನ ಮಗಳಿಗೆ ಅಂತ, ಅಂದೆ.

ಅವಳು ಲೋಟ ಕೆಳಗಿಟ್ಟಳು. "ನಮ್ಮನೆಯವ್ರಿಗೆ ಗೊತ್ತಿತ್ತು ಮಾಮ. ಹೆಣ್ಣು ನೋಡೋಕೆ ಬಂದ ದಿನ ಮಾತಾಡ್ಕೊಳ್ಳಿ ಅಂತ ಹಿತ್ತಲಿಗೆ ಬಿಟ್ರಲ್ಲ, ಆಗಲೇ ನಾನು ಹೇಳಿದ್ದೆ, ನಮ್ಮಪ್ಪಂಗೆ ಹಿಂಗಿಂಗಿತ್ತು ಅಂತ. ಅಂಥ ಕಡೆ ಹೋಗಿ ಬಂದೋರಿಗೆ ಆಗದೆ ಇನ್ಯಾರಿಗೆ ಆಗುತ್ತೆ ಅಂದ್ರು ಅಷ್ಟೇ. ನಮ್ಮತ್ತೆಗೂ ಗೊತ್ತು. ನನ್ನ ಮಗಳಿಗೂ ಗೊತ್ತು."

"ಮತ್ತೆ ಅವ್ವಂಗೆ ಹೇಳ್ಲಿಲ್ಲವೇನವ್ವಾ?"

"ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ಲು. ನಮಗೆ ಗೊತ್ತು ಅಂದ್ರೆ ನೊಂದ್ಕೋತಾಳೆ ಅಂತ ಸುಮ್ಮನಿದ್ವಿ."

ಆಮೇಲೆ, ಈಗ ಬರೀಬಹುದಾ ಮಾಮ ಅಂತ ಕೇಳಿದಳು. ಬರೆದರೆ ಅಕ್ಕನ ಹೆಸರಲ್ಲಿ ಬರೀಬೇಕಿತ್ತು ಕಣವ್ವಾ, ಅಕ್ಕನೇ ಇಲ್ಲವಲ್ಲ, ಅಂದೆ. ಅವಳು ಅತ್ತಳು. ನಾನೂ ಅತ್ತೆ.