ಸುಣ್ಣ ಬಿದ್ದ ಕಣ್ಣಿಗೆ ನೀರು

ಸೋಮವಾರ ಡಾಕ್ಟರ್ ತ್ರಿಶಲಾಗೆ ಕಣ್ಣಿನ ಪೊರೆ ತೆಗೆಯುವ ದಿನ. ಐನಾಪುರದ ತನ್ನ ಪುಟ್ಟ ದವಾಖಾನೆಯಲ್ಲಿ ಏಳನೆಯ ಮುದುಕಿಯ ಕಣ್ಣಿಗೆ ಪಟ್ಟಿ ಕಟ್ಟಿ ಕೈಗವಸು ಬಿಚ್ಚುತ್ತಿದ್ದಳು. ಹೊರಗೆ ಕುರ್ಚಿಗಳು ಉರುಳಿದವು, ಹಿಂದೆಯೇ ಗಂಡಸಿನ ಚೀರಾಟ.

ಬಾಗಿಲು ದೂಡಿಕೊಂಡು ಇಬ್ಬರು ಒಳಗೆ ಬಂದರು. ಹಿರಿಯವನು ಶಿರಗುಪ್ಪಿಯ ರೈತ ಮಾಯಪ್ಪ. ಅವನ ತೆಕ್ಕೆಯಲ್ಲಿ ಒದ್ದಾಡುತ್ತಿದ್ದವನು ತಮ್ಮ ಬಾಳೇಶ. ಬಾಳೇಶನ ಹುಬ್ಬು ಒಡೆದಿತ್ತು. ಬೆಳ್ಳಗಾದ ಮುಖದ ಮೇಲೆ ರಕ್ತವೂ ಎಣ್ಣೆಯೂ ಕಲೆತು ಇಳಿಯುತ್ತಿದ್ದವು.

"ಏನ ಬಿದ್ದೈತ್ರಿ?" ತ್ರಿಶಲಾ ಕೇಳಿದಳು.

"ಸುಣ್ಣಾರಿ, ಬಾಯಾರ. ಗಾಣದಾಗ ಬೆಲ್ಲಕ್ಕ ಹಾಕೂ ಸುಣ್ಣ," ಅಂದ ಮಾಯಪ್ಪ.

"ಬಿದ್ದಿಲ್ರಿ! ಈ ಭಾಡ್ಯಾ ಉಗ್ಗ್ಯಾನ!" ಬಾಳೇಶ ಕಿರುಚಿದ. "ಬದುವಿನ ಕಬ್ಬ ಯಾಕ ಕಡದಿ ಅಂತ ಮೊದಲ ಬಡಗೀಲೆ ಹೊಡದ. ಆಮ್ಯಾಗ ಮುಷ್ಟಿ ತುಂಬ ಸುಣ್ಣ ತಗೊಂಡು ಮಾರಿಗೆ ಉಗ್ಗಿದ!"

"ನೀರ ಹಾಕೀರೇನು?"

"ನಾವೇನ ಹುಚ್ಚರೇನ್ರಿ? ಸುಣ್ಣಕ್ಕ ನೀರ ಬಿದ್ರ ಕುದೀತೈತಿ. ಔಡಲೆಣ್ಣಿ ಬಿಟ್ಟೇವಿ," ಅಂದ ಮಾಯಪ್ಪ.

ಗಾಣದವರಿಗೆ ಸುಣ್ಣದ ಗುಣ ಚೆನ್ನಾಗಿ ಗೊತ್ತು, ಆ ತಿಳಿವಳಿಕೆಯೇ ಬಾಳೇಶನಿಗೆ ಮುಳುವಾಗಿತ್ತು. ಅರ್ಧ ತಾಸಿನ ದಾರಿಯುದ್ದಕ್ಕೂ ಎಣ್ಣೆಯಡಿಯಲ್ಲಿ ಕೂತು ಸುಣ್ಣ ಕಣ್ಣನ್ನು ತಿನ್ನುತ್ತ ಬಂದಿತ್ತು.

"ಸಾವಕ್ಕಾ, ಸಲೈನ್ ಬಾಟ್ಲಿ ತಾ. ಇದ್ದಷ್ಟೂ ತಾ!" ಎಂದು ತ್ರಿಶಲಾ ನರ್ಸನ್ನು ಕೂಗಿದಳು.

ಇರುವೆ ಕಂಡರೆ ಹೆಜ್ಜೆ ತಪ್ಪಿಸುವ ಜೈನರ ಮನೆಯ ಮಗಳು ತ್ರಿಶಲಾ. ಕಬ್ಬಿನ ಗರಿ ಗೀರಿ ಕಣ್ಣು ಕೊಳೆತು ಬರುವವರನ್ನು ಎಳವೆಯಿಂದ ಕಂಡವಳು, ಕಣ್ಣಿನ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರದ ರೋಗಗಳನ್ನೇ ಹೈದರಾಬಾದಿನಲ್ಲಿ ಓದಿ ಊರಿಗೆ ಮರಳಿದ್ದಳು. ಇವತ್ತು ಅವಳು ಬಾಳೇಶನ ಎದೆಯ ಮೇಲೆ ಮೊಣಕಾಲೂರಿ, ಕೂಸಿಗೆ ಎರೆಯುವವರು ಹಿಡಿದಂತೆ ಅವನ ತಲೆಯನ್ನು ಹಿಡಿದು, ನೋವು ಮರಗಟ್ಟಿಸುವ ಹನಿ ಹಾಕಿ ಸಲೈನಿನ ನೀರು ಬಿಟ್ಟಳು. ಬಾಳೇಶ ಕಡಿದ ಕೋಳಿಯಂತೆ ಹಾರಿದ.

"ಕಣ್ಣ ಬೇಯಸ್ತಾಳ್ಲೇ ಇಕಿ!" ಮಾಯಪ್ಪ ಸಲೈನಿನ ಕಂಬವನ್ನು ಒದ್ದ. ತ್ರಿಶಲಾಳ ಹೆರಳು ಹಿಡಿದು ಹಿಂದಕ್ಕೆ ಜಗ್ಗಿದ. ಮುಖ ಮಂಚದ ಕಬ್ಬಿಣಕ್ಕೆ ಬಡಿದು ತುಟಿ ಸೀಳಿತು. ಬಾಯಲ್ಲಿ ರಕ್ತ ಉಪ್ಪುಪ್ಪಾಯಿತು. ಆದರೂ ಬಾಳೇಶನ ರೆಪ್ಪೆ ಅಗಲಿಸಿದ್ದ ಬೆರಳುಗಳನ್ನು ಅವಳು ಬಿಡಲಿಲ್ಲ.

ಸಾವಕ್ಕ ಸ್ಟೀಲಿನ ತಾಟು ಎತ್ತಿ ಅವನ ಮೊಣಕೈಗೆ ಬಾರಿಸಿದಳು. "ಕೈ ತಗೀ ಮೂಳ! ತಮ್ಮನ ಕಣ್ಣ ಸುಟ್ಟಾಂವ ನೀ, ತೊಳ್ಯಾಕಿಗೇ ಹೊಡೀತಿ?"

"ಮಾಯಪ್ಪಾ, ಇತ್ತ ನೋಡು," ತ್ರಿಶಲಾ ರಕ್ತ ಉಗುಳಿದಳು. "ಕಣ್ಣಾಗ ನೀರ ಇಲ್ಲೇನು? ಆ ಹನಿ ನೀರಾಗ ಅದು ಕುದಿಯೂದ ಆಗ್ಲೇ ಕುದ್ದೈತಿ. ನಾ ಹಳ್ಳ ಹರಸಾಕತ್ತೇನಿ, ಕೊಚ್ಚಿಕೊಂಡ ಹೋಗ್ಲಿ ಅಂತ. ಕಾಲ ಹಿಡಕೋ ಇವಂದು!"

ಮಾಯಪ್ಪ ಮೊಣಕೈ ಒತ್ತಿಕೊಂಡು ನಿಂತ. ಆಮೇಲೆ ಕಾಲು ಹಿಡಿದ.

ಹನ್ನೊಂದು ಬಾಟಲಿ ಹರಿದವು. ಮೇಲಿನ ರೆಪ್ಪೆಯನ್ನು ಎರಡು ಮಡಿಕೆ ತಿರುವಿ ನೋಡಿದರೆ ಒಳಗೆ ನುಚ್ಚಿನಂಥ ಸುಣ್ಣದ ಹರಳುಗಳು ಅಂಟಿದ್ದವು. ಒಂದೊಂದನ್ನೇ ಹೆಕ್ಕಿದಳು. ಸುಣ್ಣದಂಶ ತೋರಿಸುವ ಪರೀಕ್ಷೆಯ ಕಾಗದ ನೀಲಿಯಾಗುವುದು ನಿಂತಾಗ ಬಾಳೇಶ ಅರಚುವುದೂ ನಿಂತಿತ್ತು. ಎಂಟನೆಯ ಮುದುಕಿಯ ಪೊರೆ ತೆಗೆಯಲು ಅವತ್ತು ಸಲೈನ್ ಉಳಿದಿರಲಿಲ್ಲ. ಮರುದಿನ ಬರಹೇಳಿ ಕಳಿಸಿದಳು.

ಐದು ತಿಂಗಳಲ್ಲಿ ಎಡಗಣ್ಣು ಮಬ್ಬಾಗಿಯಾದರೂ ಉಳಿಯಿತು. ಬಲಗಣ್ಣಿನ ಮೇಲೆ ಹಾಲುಗಾಜಿನಂಥ ಪರೆ ಬೆಳೆಯಿತು. ಕರಿಗುಡ್ಡೆಯ ಅಂಚಿನಲ್ಲಿ ಹೊಸ ಪದರ ಚಿಗುರುವ ಬೇರೇ ಸುಟ್ಟಿತ್ತು. ರಕ್ತಸಂಬಂಧಿಯ ಕಣ್ಣಂಚಿನಿಂದ ಅಕ್ಕಿಕಾಳಿನಷ್ಟು ಚೂರು ತಂದು ನೆಡಬೇಕು. ಮಾಯಪ್ಪನ ಹೊರತು ಬಾಳೇಶನಿಗೆ ಒಡಹುಟ್ಟಿದವರಿರಲಿಲ್ಲ. ಸುಣ್ಣ ಉಗ್ಗಿದ್ದಕ್ಕೆ ತಮ್ಮ ಹಾಕಿದ ಕೇಸಿನಲ್ಲಿ ಮಾಯಪ್ಪ ಜಾಮೀನಿನ ಮೇಲೆ ಹೊರಗಿದ್ದ.

ತ್ರಿಶಲಾ ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದಳು.

"ನಂದ ತಗೋರಿ," ಅಂದ ಮಾಯಪ್ಪ. ತಮ್ಮನತ್ತ ನೋಡಿ, "ಕೊಟ್ರ, ಇಂವ ಕೇಸ ಹಿಂದ ತಗೋತಾನೇನ್ರಿ?"

ಬಾಳೇಶ ದನಿ ಬಂದ ಕಡೆಗೆ ಎಗರಿದ. ಗುರಿ ತಪ್ಪಿದ ಮುಷ್ಟಿ ಗೋಡೆಗೆ ಬಡಿದು ಗೆಣ್ಣಿನ ಚರ್ಮ ಸುಲಿಯಿತು. ಇನ್ನೊಂದು ಏಟು ಮಾಯಪ್ಪನ ಕಿವಿಗೆ ಸರಿಯಾಗಿ ಬಿತ್ತು. ಮಾಯಪ್ಪ ಕೈ ಎತ್ತಲಿಲ್ಲ. ಸಾವಕ್ಕ ನಡುವೆ ನುಗ್ಗಿ ಬಾಳೇಶನನ್ನು ಸ್ಟೂಲಿಗೆ ಕುಕ್ಕಿದಳು.

"ಕಣ್ಣಿನ ಕಾಗದದಾಗ ಕೇಸಿನ ಮಾತ ಬರಂಗಿಲ್ಲ," ತ್ರಿಶಲಾ ಒಪ್ಪಿಗೆಯ ಕಾಗದವನ್ನು ತನ್ನತ್ತ ಎಳೆದುಕೊಂಡಳು. "ಇದನ್ನ ಅದಕ್ಕ ಗಂಟ ಹಾಕೂದಾದ್ರ ಇಬ್ರೂ ಎದ್ದ ಹೋಗ್ರಿ."

ಬಾಳೇಶ ಏದುಸಿರು ಬಿಡುತ್ತ ಕೇಳಿದ: "ಆ ಚೂರ ತಗದ್ರ ಇವಗ ಕುರುಡ ಆಕ್ಕೈತೇನ್ರಿ?"

"ಇಲ್ಲ."

"ನೋವ?"

"ನಾಕ ದಿನ ಚುಚ್ಚತೈತಿ."

"ನಾಕ ದಿನಾನಾ?" ಬಾಳೇಶನಿಗೆ ನಿರಾಸೆಯಾದಂತಿತ್ತು. "ಆಗ್ಲಿ, ಹಾಕ್ರಿ. ಆದ್ರ ಕೇಸ ಬಿಡಂಗಿಲ್ಲ. ಕೋರ್ಟಿನ್ಯಾಗ ಇವನ ಮಾರಿ ತೋರಿಸಿ ಹೇಳಾಕ ಕಣ್ಣ ಬೇಕಲ್ರಿ."

ತ್ರಿಶಲಾ ಮಾಯಪ್ಪನತ್ತ ತಿರುಗಿದಳು. "ಕೇಳಿದ್ರಲ್ಲ? ಒಲ್ಲೆ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಮಾಯಪ್ಪ ಕೆಂಪಾದ ಕಿವಿಯನ್ನು ಉಜ್ಜುತ್ತ ನೆಲ ನೋಡಿದ. ಪೆನ್ನು ತಗೊಂಡು, ಓದದೆ, ತೋರಿಸಿದಲ್ಲಿ ಸಹಿ ಹಾಕಿದ. ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಯಾವ ಕಣ್ಣರಿ, ಬಾಯಾರ?"