ಬೇವಿನ ಮರದ ಕೆಳಗಿನ ಕೈಗಳು

ಆ ಕೈಗಳನ್ನು ಎಣಿಸಿದವನು ನಾನೇ, ವಾಮನ, ನಿಂಬರ್ಗಾ ಹತ್ತಿರದ ನಮ್ಮೂರಿನ ಚಾವಡಿ ಮುನ್ಶಿ. ಇಪ್ಪತ್ತು ವರ್ಷ ‘ಊರೆಲ್ಲ ಒಪ್ಪಿತು’ ಎಂದು ಬರೆದು ಹೊಟ್ಟೆ ಹೊರೆದವನು. ಊರೆಲ್ಲ ಅಂದರೆ ಚಾವಡಿ ಕಟ್ಟೆಯ ಮೇಲೆ ಕೂತವರು. ಬೇವಿನ ಮರದ ಕೆಳಗೆ ನಿಂತ ಕೆಳಗಿನ ಕೇರಿಯವರನ್ನು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಅವರಲ್ಲಿ ಭಾಗಮ್ಮ ಒಬ್ಬಳು, ತೊಗರಿ ಹೊಲದ ಕೂಲಿ. ಊರ ಬಾವಿಯ ಹಗ್ಗವನ್ನು ಅವಳು ಮುಟ್ಟುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವ ತನಕ ಕೊಡ ಇಟ್ಟು ನಿಲ್ಲಬೇಕು. ನಲವತ್ತೇಳರ ಬೇಸಿಗೆಯಲ್ಲಿ ಅವಳ ಐದು ವರ್ಷದ ಮಗಳಿಗೆ ವಾಂತಿಭೇದಿ. ಬೆಳಿಗ್ಗೆ ನೀರಿಗೆ ಓಡಿ ಬಂದವಳಿಗೆ ಊರ ಗೌಡ ಬಸವಂತರಾಯನ ಹೆಂಡತಿ ಗೌರಾಬಾಯಿ, “ನಿಂದ್ರು ಬೇ, ನಮ್ಮ ಅರಿವಿ ಒಗದು ಮುಗೀಲಿ” ಎಂದಳು. ನೀರು ಸಿಕ್ಕಾಗ ಸೂರ್ಯ ನೆತ್ತಿಯ ಮೇಲಿದ್ದ. ಅಷ್ಟರಲ್ಲಿ ಮಗು ಹೋಗಿತ್ತು. ಆ ನೀರಿನಲ್ಲೇ ಹೆಣ ತೊಳೆದಳು.

“ಒಂದಿನ ಆಕಿನ್ನೂ ನಿಂದ್ರಸ್ತೇನಿ,” ಎಂದು ನನ್ನೆದುರೇ ಹಲ್ಲು ಕಚ್ಚಿದಳು.

ಮರುವರ್ಷ ನಿಜಾಮನ ಆಡಳಿತ ಹೋಯಿತು. ಆ ಡಿಸೆಂಬರಿನಲ್ಲೇ ಆಳಂದದಿಂದ ಅಧಿಕಾರಿಯೊಬ್ಬರು ಬಂದರು. ದಿಲ್ಲಿಯ ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದೆಂದು ಕಲಮು ಪಾಸು ಮಾಡಿದೆ, ಬಾವಿ ಎಲ್ಲರಿಗೂ ಬಿಡಿ ಎಂದರು.

ಬಸವಂತರಾಯ ಮೀಸೆ ತಿರುವಿದ. “ಅಲ್ಲಿ ಕೈ ಎತ್ತೇ ಪಾಸ್ ಮಾಡ್ಯಾರಲ್ರಿ? ಇಲ್ಲೂ ಎತ್ತಸ್ರಿ ಸಾಹೇಬ್ರ. ಊರು ಏನಂತದ, ಅದೇ ಆಗ್ಲಿ.”

“ಬರೆದು ಸಹಿ ಹಾಕ್ತೀರಾ?”

ಜರ್ಬಿನಿಂದ ಹಾಕಿದ.

ಬೇಡವೆನ್ನುವವರು ಕಟ್ಟೆಯ ಮೇಲೆ ಹತ್ತೊಂಬತ್ತು. ಬೇಕೆನ್ನುವವರು ಅಲ್ಲಿ ಒಬ್ಬರೂ ಇಲ್ಲ. ರೂಢಿಯಂತೆ ನಾನು ‘ಊರೆಲ್ಲ’ ಎಂದು ಬರೆಯತೊಡಗಿದೆ.

“ಮುನ್ಶಿ ಸಾಹೇಬ್ರ,” ಭಾಗಮ್ಮನ ದನಿ. “ಇತ್ತಾಗೂ ಎಣಸ್ರಿ.”

ಎಣಿಸಿದೆ. ನಲವತ್ತೊಂದು ಕೈ.

“ಅವ್ರು ಊರಾಗ ಬರಂಗಿಲ್ರಿ!” ಬಸವಂತರಾಯ ಅರಚಿದ.

“ನಿಮ್ಮ ಹೊಲದಾಗ ದುಡಿಯೋರು ಮತ್ತ ಯಾ ಊರವ್ರು?” ಎಂದ ಅಧಿಕಾರಿ ಅವನ ಸಹಿಯ ಕೆಳಗೇ ನಲವತ್ತೊಂದು ಎಂದು ಬರೆಸಿದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ!

ಮರುದಿನ ಬೆಳಿಗ್ಗೆ ಬಾವಿಯ ಬಳಿ ಅಧಿಕಾರಿ ಬಿಟ್ಟುಹೋದ ಇಬ್ಬರು ಪೊಲೀಸರು ಕಾವಲಿದ್ದರು. ಇದ್ದ ಒಂದೇ ಹಗ್ಗ ಭಾಗಮ್ಮನ ಕೈಯಲ್ಲಿತ್ತು. ಗೌರಾಬಾಯಿ ಖಾಲಿ ಕೊಡ ಹಿಡಿದು ಬಂದಳು.

“ನಿಂದ್ರಿ ಬಾಯಾರ, ನಮ್ಮ ಅರಿವಿ ಒಗದು ಮುಗೀಲಿ.”

ಒಗೆಯಲು ಭಾಗಮ್ಮ ತಂದದ್ದು ಮಗಳ ಪುಟ್ಟ ಅಂಗಿ ಒಂದೇ. ಸೂರ್ಯ ನೆತ್ತಿಗೆ ಬರುವ ತನಕ ಅದನ್ನೇ ಒಗೆದಳು.