ಎಡಗಡೆಯ ಪರದೆ

ಡಾಕ್ಟರ್ ಭೀಮಸೇನರಿಗೆ ಎಪ್ಪತ್ತೊಂದು. ಹೂಸ್ಟನ್ನಿನಲ್ಲಿ ಮೂವತ್ತು ವರ್ಷ ಎಕ್ಸ್‌ರೇ ನೋಡಿ ನಿವೃತ್ತರಾದವರು. ಮಂದಿಯ ಎದೆಯೊಳಗಿನ ಸಾಸಿವೆಕಾಳಿನಷ್ಟು ಕಲೆಯನ್ನೂ ಬಿಡದ ಕಣ್ಣು ಎಂದು ಹೆಸರು. ಈಗ ಆ ಕಣ್ಣಿಗಿದ್ದ ಕೆಲಸ ಲಾರಿ ಓಡಿಸುವುದು. ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ!

ಮಗ ಕುಶಾಲ್ ಕಾಲೇಜಿನಲ್ಲಿದ್ದಾಗ ಜೋಡಿಸಿದ ಗೇಮಿಂಗ್ ಕಂಪ್ಯೂಟರು ಅದು. ಆಸ್ಟಿನ್‌ಗೆ ಹೋಗುವಾಗ ಎಸೆಯಲು ಹೊರಟಿದ್ದ, ಇವರು ಬಿಡಲಿಲ್ಲ. ಎದುರಿಗೊಂದು, ಎಡಬಲಕ್ಕೆ ಒಂದೊಂದು, ಹೀಗೆ ಮೂರು ಪರದೆ, ನಡುವೆ ಸ್ಟೀರಿಂಗ್. ಒಳಗೆ ಚಿತ್ರ ಬಿಡಿಸಲು ಎರಡು ಗ್ರಾಫಿಕ್ಸ್ ಕಾರ್ಡು. ಮೊದಲನೆಯದು ಎದುರಿನ ಮತ್ತು ಬಲಗಡೆಯ ಪರದೆಗೆ, ಎರಡನೆಯದು ಎಡಗಡೆಯದಕ್ಕೆ. ಹೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯ ಮನೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ ಕೂತರೆಂದರೆ ಚಹಾದ ಹೊತ್ತಿಗೆ ಇನ್ನೂರು ಮೈಲಿ ದಾಟಿರುತ್ತಿದ್ದರು.

ದೀಪಾವಳಿಯ ಆಸುಪಾಸಿನಿಂದ ಎರಡನೇ ಕಾರ್ಡು ಕಾಟ ಕೊಡಲು ಶುರುಮಾಡಿತು. ಎಡಗಡೆಯಿಂದ ಬರುವ ಗಾಡಿಗಳನ್ನು ಅದು ತೋರಿಸುವುದೇ ಇಲ್ಲ. ರಸ್ತೆ ಖಾಲಿ ಇದೆಯೆಂದು ನುಗ್ಗಿದರೆ ಎಲ್ಲಿಂದಲೋ ಒಂದು ಲಾರಿ ಪ್ರತ್ಯಕ್ಷವಾಗಿ ಢಿಕ್ಕಿ! ಸಿಟ್ಟಿನಿಂದ ಎಡಕ್ಕೆ ತಿರುಗಿ ನೋಡಿದರೆ ಪರದೆ ಸಾಚಾ ಮನುಷ್ಯನ ಹಾಗೆ ನೆಟ್ಟಗಿರುತ್ತದೆ. ಎದುರಿಗೆ ನೋಡುತ್ತ ಓಡಿಸಿದರೆ ಮತ್ತೆ ಅದೇ ಕಥೆ.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದು ಹೆಂಡತಿ ಅನಸೂಯಾ ಅಡುಗೆಮನೆಯಿಂದಲೇ ಚುಚ್ಚಿದಳು.

"ನಿನಗೇನ್ ತಿಳೀತದ? ಒಮ್ಮೆ ಇರ್ತದ, ಒಮ್ಮೆ ಇರಂಗಿಲ್ಲ. ಇಂಥಾ ರೋಗನ ಕೆಟ್ಟದ್ದು," ಎಂದರು ಡಾಕ್ಟರು.

ಮಗನಿಗೆ ಫೋನು ಹೋಯಿತು. "ಅಪ್ಪಾ, ಇಟ್ಸ್ ಟೆನ್ ಇಯರ್ಸ್ ಓಲ್ಡ್. ಜಸ್ಟ್ ಲೆಟ್ ಇಟ್ ಗೋ," ಎಂದ ಅವನು. ಹೊಸ ಕಾರ್ಡು ಹಾಕಿದರೆ ಹಳೆಯ ಪವರ್ ಸಪ್ಲೈ ಸಾಲುವುದಿಲ್ಲವಂತೆ, ಅದನ್ನು ಬದಲಿಸಿದರೆ ಮದರ್‌ಬೋರ್ಡು ಒಗ್ಗುವುದಿಲ್ಲವಂತೆ. ಲಂಗೋಟಿ ಕಾಯಲು ಬೆಕ್ಕು ಸಾಕಿ, ಬೆಕ್ಕಿಗೆಂದು ಹಸು ಕಟ್ಟಿದ ಸನ್ಯಾಸಿಯ ಸಂಸಾರ! ಆದರೂ ಡಾಕ್ಟರು ಮೂರು ವಾರ ತಡಕಾಡಿ, ಹಳೆಯ ಪೆಟ್ಟಿಗೆಗೆ ಹೊಂದುವ ಒಂದು ಕಾರ್ಡನ್ನು ಆರಿಸಿಟ್ಟರು. ಆರ್ಡರ್ ಗುಂಡಿ ಒತ್ತುವುದೊಂದು ಬಾಕಿ.

ಆಟದ ಸಾಮಾನಿಗೆ ಇಷ್ಟು ಹಠ ಯಾಕೆ ಎಂದು ಕೇಳಬಹುದು. ಹೋದ ಗುರುವಾರದ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ನಿಜವಾದ ರಸ್ತೆ, ನಿಜವಾದ ಕಾರು, ತಮ್ಮದೇ ಬಡಾವಣೆಯ ತಿರುವು. ಎಡಗಡೆಯಿಂದ ಸೈಕಲ್ಲಿನ ಹುಡುಗಿಯೊಬ್ಬಳು ನೆಲ ಬಿರಿದು ಎದ್ದವಳಂತೆ ಬಂದುಬಿಟ್ಟಳು. ಬ್ರೇಕು ಹತ್ತಿತು, ದೇವರು ದೊಡ್ಡವನು. "ಈ ಊರಾಗ ಮಕ್ಕಳನ್ನ ಹೆಂಗ್ ಬಿಡ್ತಾರ ನೋಡು!" ಎಂದು ಒಬ್ಬರೇ ಕೂಗಾಡಿದರು. ಮನೆಗೆ ಬಂದು ಕಾರ್ಡುಗಳ ವಿಮರ್ಶೆ ಓದುತ್ತ ಕೂತರು. ಕಾರ್ಡೇ ಕೆಟ್ಟಿರಬೇಕು ಎಂಬ ಆಸೆ ಅವರಿಗೆ ಅಷ್ಟು ಗಟ್ಟಿಯಾಗಿತ್ತು.

ಯಾಕೆಂದರೆ ಆ ಮನೆಯಲ್ಲಿ ಕಾರು ಓಡಿಸುವವರು ಅವರೊಬ್ಬರೇ. ಇಪ್ಪತ್ತೈದು ವರ್ಷದ ಹಿಂದೆ ಗ್ಯಾರೇಜಿನ ಗೋಡೆಗೆ ಗುದ್ದಿದ ಮೇಲೆ ಅನಸೂಯಾ ಸ್ಟೀರಿಂಗ್ ಮುಟ್ಟಿಲ್ಲ. ಹತ್ತಿರದಲ್ಲಿ ಬಸ್ಸಿಲ್ಲ, ಕಾಲುದಾರಿಯೂ ಬಡಾವಣೆಯ ಗೇಟಿಗೇ ಮುಗಿಯುತ್ತದೆ, ಗುರುತಿಲ್ಲದವರ ಬಾಡಿಗೆ ಕಾರು ಹತ್ತಲು ಅವಳು ಒಪ್ಪುವವಳಲ್ಲ. ಶನಿವಾರ ಪಕ್ಕದೂರು ಶುಗರ್‌ಲ್ಯಾಂಡಿನಲ್ಲಿ ಹನ್ನೆರಡು ಮಕ್ಕಳಿಗೆ ಅವಳು ದಾಸರ ಪದ ಹೇಳಿಕೊಡುವ ಕ್ಲಾಸು. ವಾರವೆಲ್ಲ ಅವಳು ಬದುಕುವುದೇ ಆ ಎರಡು ತಾಸಿಗಾಗಿ.

ಶುಕ್ರವಾರ ಮಧ್ಯಾಹ್ನ ಡಾಕ್ಟರಿಗೆ ಹಳೆಯ ಶಿಸ್ತು ನೆನಪಾಯಿತು. ಪರೀಕ್ಷೆ ಮಾಡದೆ ರೋಗದ ಹೆಸರು ಹೇಳಬಾರದು. ಎಡಗಡೆಯ ಪರದೆಯ ಕೇಬಲ್ಲನ್ನು ಕಿತ್ತು ಒಳ್ಳೆಯ ಕಾರ್ಡಿಗೆ ಚುಚ್ಚಿದರು. ಅನಸೂಯಾಳನ್ನು ಕರೆದು ತಮ್ಮ ಎಡಕ್ಕೆ ಕುರ್ಚಿ ಹಾಕಿದರು.

"ಈ ಪರದೇದಾಗ ಗಾಡಿ ಬಂದ ಕೂಡ್ಲೇ ಬಂತು ಅನ್ನು. ನಾ ಎದುರಿಗೇ ನೋಡತೀನಿ."

ಲಾರಿ ಹೊರಟಿತು. "ಬಂತ್ರಿ," ಎಂದಳು ಅನಸೂಯಾ. ಡಾಕ್ಟರಿಗೆ ಕಂಡದ್ದು ಖಾಲಿ ರಸ್ತೆ. "ಬಂತು, ಕೆಂಪು ಲಾರಿ. ಮತ್ತೊಂದು, ಬಿಳೀ ಕಾರು. ಅಯ್ಯ, ಎಷ್ಟ್ ಸಾಲಾಗಿ ಬರ್ಲಿಕ್ಕತ್ತಾವ್ರಿ!" ಅವಳಿಗೆ ಆಟದ ರುಚಿ ಹತ್ತಿತ್ತು. ಏಳು ಸಲ ಬಂತು ಎಂದಳು. ಏಳರಲ್ಲಿ ಒಂದೂ ಅವರಿಗೆ ಕಾಣಲಿಲ್ಲ.

ಅವರ ಅಪ್ಪ ಕಡೆಗಾಲದಲ್ಲಿ ಬಾಗಲಕೋಟೆಯ ಮನೆಯಲ್ಲಿ ಗೋಡೆ ಸವರುತ್ತ ನಡೆಯುತ್ತಿದ್ದರು. ಗ್ಲಾಕೋಮಾ, ವಂಶದಲ್ಲಿ ಇಳಿದು ಬರಬಹುದಾದ ಕಣ್ಣಿನ ರೋಗ. ಅದು ನೋಟವನ್ನು ಅಂಚಿನಿಂದ ಸದ್ದಿಲ್ಲದೆ ತಿನ್ನುತ್ತ ಬರುತ್ತದೆ, ತಿಂದ ಜಾಗ ಕಪ್ಪಾಗಿ ಕೂಡ ಕಾಣುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವರೇ ಇವರು. ತಮ್ಮ ಕಣ್ಣು ತೋರಿಸಿ ಐದು ವರ್ಷವಾಗಿತ್ತು. ಡಾಕ್ಟರಲ್ಲವೇ, ತಮಗೇನಾಗುತ್ತದೆ!

"ಏನಾತ್ರಿ? ಕಾರ್ಡ್ ಕೆಟ್ಟದೇನು?"

ಹೂಂ ಎಂದರೆ ಸಾಕಿತ್ತು. ಗುಂಡಿ ಒತ್ತಿದರೆ ಹೊಸ ಕಾರ್ಡು ಬರುತ್ತದೆ, ನಾಳೆ ಎಂದಿನಂತೆ ಕ್ಲಾಸಿಗೆ ಹೊರಡಬಹುದು. ಬಾಯಿ ಬಿಟ್ಟರೆ ಈ ಮನೆಯಲ್ಲಿ ಇಬ್ಬರೂ ಕೈದಿಗಳು. ಬಾಯಿ ಬಿಡದಿದ್ದರೆ ಆ ಸೈಕಲ್ಲಿನ ಹುಡುಗಿ ಇದ್ದಾಳೆ. ಎತ್ತ ಹೊರಳಿದರೂ ದಾರಿಯಿಲ್ಲ. ಬೆರಳು ಮೌಸಿನ ಮೇಲೆಯೇ ಇತ್ತು.

"ಯಾಕ್ ಇಷ್ಟ್ ವಿಚಾರ ಮಾಡ್ತೀರಿ?" ಅನಸೂಯಾ ನಕ್ಕಳು. "ಹೊಸಾದು ಬ್ಯಾಡ ಬಿಡ್ರಿ. ದಿನಾ ನಾನ ನಿಮ್ಮ ಎಡಕ್ಕ ಕೂತು ಬಂತು ಬಂತು ಅಂತೀನಿ."

"ಕಾರಿನಾಗ ಹೆಂಗ್ ಕೂಡ್ತಿ?" ಎಂದರು ಡಾಕ್ಟರು. "ಈ ದೇಶದಾಗ ಡ್ರೈವರ್ ಕೂಡೋದ ಎಡಕ್ಕ. ಅವನ ಎಡಕ್ಕ ಯಾರಿಗೂ ಜಾಗ ಇಲ್ಲ."

ಅನಸೂಯಾಳ ನಗು ನಿಂತಿತು. ಪರದೆಯನ್ನು ನೋಡಿದಳು, ಗಂಡನ ಮುಖ ನೋಡಿದಳು. ತನ್ನ ಕೈಯನ್ನು ಅವರ ಎಡಗಿವಿಯ ಪಕ್ಕಕ್ಕೆ ತಂದು ಬೆರಳಾಡಿಸಿದಳು. ಅವರು ಎದುರಿಗೇ ನೋಡುತ್ತಿದ್ದರು, ರೆಪ್ಪೆ ಮಿಸುಕಲಿಲ್ಲ. ಕೈಯನ್ನು ನಿಧಾನಕ್ಕೆ ಮುಂದೆ ತಂದಳು. ಮೂಗಿನ ಹತ್ತಿರ ಬಂದಾಗ ಅವರು ಬೆಚ್ಚಿಬಿದ್ದರು.

"ಎಷ್ಟ್ ದಿನದಿಂದ್ರಿ?"

"ಗೊತ್ತಿಲ್ಲ ಅನಸೂಯಾ. ಕಾರ್ಡಿಂದೇ ತಪ್ಪು ಅಂದ್ಕೊಂಡಿದ್ದೆ."

ಡಾಕ್ಟರು ಆರಿಸಿಟ್ಟ ಕಾರ್ಡನ್ನು ಆರ್ಡರಿನಿಂದ ತೆಗೆದುಹಾಕಿದರು. ಜೇಬಿನಿಂದ ಕಾರಿನ ಕೀಲಿಕೈ ತೆಗೆದು ಸ್ಟೀರಿಂಗಿನ ಪಕ್ಕಕ್ಕೆ ಇಟ್ಟರು. ಪರದೆಯ ಮೇಲೆ ಲಾರಿ ರಸ್ತೆಯ ನಡುವೆಯೇ ನಿಂತುಬಿಟ್ಟಿತ್ತು, ಹಿಂದಿನ ಗಾಡಿಗಳು ಹಾರ್ನ್ ಬಾರಿಸುತ್ತಿದ್ದವು.

ಅನಸೂಯಾ ಫೋನು ತೆಗೆದುಕೊಂಡು ಮಕ್ಕಳ ತಾಯಂದಿರ ಗುಂಪಿಗೆ ಬರೆದಳು: ನಾಳೆ ಕ್ಲಾಸ್ ಇಲ್ಲ. ಮುಂದಿನ ಶನಿವಾರ ಇದೆಯಾ ಆಂಟಿ ಎಂದು ಒಬ್ಬಳು ಕೂಡಲೇ ಕೇಳಿದಳು. ಅನಸೂಯಾ ಅದನ್ನು ಓದಿ ಫೋನನ್ನು ಬೋರಲು ಹಾಕಿದಳು.